ನಿಮ್ಮ ಹಳೇ ಗೆರೆ ಎಲ್ಲಿ ಹೋಯಿತು?

ಈ ಸಲದ ಪತ್ರಗಳನ್ನು ಮೇಜಿನ ಮೇಲೆ ಹರಡಿಕೊಂಡು ಕೂತಾಗ ಒಂದು ಮಜಾ ಕಂಡಿತು. ಬರೆಯುವವರು, ಹಾಡುವವರು, ಚಿತ್ರ ಬಿಡಿಸುವವರು ಎಲ್ಲರೂ ಸುತ್ತಿ ಬಳಸಿ ಒಂದೇ ಮಾತು ಕೇಳಿದ್ದಾರೆ. ಕಸುಬು ಬೇರೆ, ಕಷ್ಟ ಒಂದೇ. ಹಾಗಾಗಿ ಯಾವ ಬ್ರಷ್ ಒಳ್ಳೆಯದು, ಹಾಳೆ ಎಷ್ಟು ದಪ್ಪ ಇರಬೇಕು ಎಂದು ಕೇಳಿದವರು ಮುಂದಿನ ಸಂಚಿಕೆಯವರೆಗೆ ಕಾಯಬೇಕು. ಬೇಜಾರು ಮಾಡಿಕೊಳ್ಳಬೇಡಿ.

ಪ್ರಶ್ನೆ: ಮೇಡಂ, ಹನ್ನೊಂದು ವರ್ಷದಿಂದ ನಗೆಬರಹ ಬರೆಯುತ್ತಿದ್ದೇನೆ. ನಾನು ಬಾಯಿ ತೆರೆಯುವ ಮೊದಲೇ ಜನ ನಗಲು ಶುರು ಮಾಡುತ್ತಾರೆ. ಹೋದ ವರ್ಷ ಅಪ್ಪ ತೀರಿಕೊಂಡರು. ಆಮೇಲೆ ನಗೆಬರಹಕ್ಕೆ ಕೂತರೆ ಬೇರೇನೋ ಬರುತ್ತಿದೆ. ಸದ್ದಿಲ್ಲದ, ನಿಧಾನದ ಕಥೆಗಳು. ಎರಡನ್ನು ಪ್ರಕಟಿಸಿದೆ. ‘ನಿಮಗಿದು ಒಗ್ಗಲ್ಲ ಸಾರ್’, ‘ಅಳಿಸೋಕೆ ಬೇರೆಯವರಿದ್ದಾರೆ, ನೀವು ನಗಿಸಿ ಸಾಕು’ ಎಂದು ಓದುಗರು ಬರೆದರು. ‘ನಿಮಗ್ಯಾಕೆ ಬೇಕಿತ್ತು ಈ ಉಸಾಬರಿ’ ಅಂತ ಹೆಂಡತಿಯೂ ಅಂದಳು. ಮೂರನೆಯದನ್ನು ಬರೆದು ಮುಚ್ಚಿಟ್ಟಿದ್ದೇನೆ. ಹೊರಗೆ ತರುವ ಧೈರ್ಯ ಎಲ್ಲಿಂದ ತರಲಿ? ಕಥೆಯನ್ನೂ ಈ ಪತ್ರದ ಜೊತೆ ಕಳಿಸಿದ್ದೇನೆ.

ಉತ್ತರ: ಕಥೆ ಓದಿದೆ. ಅದರ ಮಾತು ಆಮೇಲೆ. ಮೊದಲು ನನ್ನದೊಂದು ಪುರಾಣ ಕೇಳಿ.

ನಾನು ಹತ್ತೊಂಬತ್ತು ವರ್ಷ ನಿಬ್ಬಿನಲ್ಲಿ ಚಿತ್ರ ಬರೆದವಳು. ಕಥೆ, ಧಾರಾವಾಹಿಗಳಿಗೆ. ಉದ್ದಗೆರೆ, ಅದರ ಮೇಲೆ ಅಡ್ಡಗೆರೆ, ಮತ್ತೆ ಓರೆಗೆರೆ, ಹೀಗೆ ಗೆರೆಯ ಮೇಲೆ ಗೆರೆ ನೇಯ್ದು ನೆರಳು ತರುವುದು. ಒಂದು ಸೀರೆಯ ಮಡಿಕೆಗೆ ಮುಕ್ಕಾಲು ಗಂಟೆ ಹಿಡಿಯುತ್ತಿತ್ತು. ಸಹಿ ಇಲ್ಲದಿದ್ದರೂ ಓದುಗರು ಗುರುತಿಸುತ್ತಿದ್ದರು. ನನ್ನ ಕಥಾನಾಯಕಿಯರ ರೆಪ್ಪೆಯ ಬಗ್ಗೆಯೇ ಪತ್ರ ಬರುತ್ತಿದ್ದವು ಅಂದರೆ ನೋಡಿ.

ಒಂದು ಸಲ ಒಂದು ಕಥೆ ಬಂತು. ಆಸ್ಪತ್ರೆಯ ಓಣಿಯಲ್ಲಿ ರಾತ್ರಿಯಿಡೀ ಕಾಯುವ ಹೆಂಗಸು. ಅಭ್ಯಾಸದಂತೆ ಬರೆದೆ. ಕತ್ತಲೆಗೆ ಸಾವಿರಾರು ಗೆರೆ ಹಾಕಿದೆ. ಮುಗಿಸಿ ಗೋಡೆಗೆ ಒರಗಿಸಿ ದೂರ ನಿಂತು ನೋಡಿದರೆ ಆ ಕತ್ತಲೆ ಕಸೂತಿ ಹಾಕಿದ ಬಟ್ಟೆಯ ಹಾಗಿತ್ತು. ಚೆಂದ ಇತ್ತು. ಆ ಹೆಂಗಸು ಚೆಂದದ ಕತ್ತಲೆಯಲ್ಲಿ ಕೂತಿರಲಿಲ್ಲವಲ್ಲ! ಆವತ್ತು ನನಗೆ ಹೊಳೆಯಿತು: ನನ್ನ ಗೆರೆ ಏನನ್ನು ಮುಟ್ಟಿದರೂ ಅದನ್ನು ಸಿಂಗರಿಸುತ್ತದೆ, ಬೇರೆ ಏನೂ ಅದಕ್ಕೆ ಬರುವುದಿಲ್ಲ. ದಪ್ಪ ಬ್ರಷ್ ತೆಗೆದುಕೊಂಡೆ. ನೀರಿಗೆ ಇಂಡಿಯನ್ ಇಂಕ್ ಬೆರೆಸಿ ಒಂದೇ ಸಲಕ್ಕೆ ಎಳೆದೆ. ಹೆಂಗಸಿನ ಬೆನ್ನು, ಬೆಂಚು, ಅಷ್ಟೇ. ನಾಲ್ಕು ನಿಮಿಷದ ಕೆಲಸ. ಅದನ್ನೇ ಕಳಿಸಿದೆ.

ಪತ್ರಗಳು ಬಂದವು ನೋಡಿ! ‘ಮಸಿ ಚೆಲ್ಲಿದ ಹಾಗಿದೆ.’ ‘ಚಿತ್ರಕಾರರಿಗೆ ಹುಷಾರಿಲ್ಲವೇ?’ ‘ಅವಸರಕ್ಕೆ ಮುಗಿಸಿ ಕೈ ತೊಳೆದುಕೊಂಡಿದ್ದಾರೆ.’ ‘ನಿಮ್ಮ ಹಳೇ ಗೆರೆ ಎಲ್ಲಿ ಹೋಯಿತು?’ ಆ ವಾರಪತ್ರಿಕೆಯ ಸಂಪಾದಕರು ಮೃದುವಾಗಿ, ‘ಸ್ವಲ್ಪ ದಿನ ಹಳೇ ಥರಾನೇ ಇರಲಿ’ ಅಂದರು. ನಾನು ಒಪ್ಪಿಕೊಂಡೆ. ಹೌದು, ಒಪ್ಪಿಕೊಂಡೆ. ಕೇಳಿದವರೆಲ್ಲ ನಾನು ಆವತ್ತೇ ಎದ್ದು ಬಂದೆ ಅಂದುಕೊಂಡಿದ್ದಾರೆ, ನಾನೂ ತಿದ್ದಲು ಹೋಗಿಲ್ಲ. ನಿಜ ಏನೆಂದರೆ ಒಂದು ವರ್ಷ ಹಗಲು ನಿಬ್, ರಾತ್ರಿ ಬ್ರಷ್. ರಾತ್ರಿಯದನ್ನು ಯಾರಿಗೂ ತೋರಿಸಲಿಲ್ಲ. ಒಂದು ರಟ್ಟಿನ ಫೈಲಿನಲ್ಲಿ ಹಾಕುತ್ತಾ ಹೋದೆ. ಮೊದಲ ಹತ್ತು ಹಾಳೆ ಕಸ. ಆಮೇಲಿನ ಹತ್ತರಲ್ಲಿ ಒಂದೋ ಎರಡೋ ಉಸಿರಾಡುತ್ತಿದ್ದವು. ಮೂವತ್ತು ದಾಟಿದ ಮೇಲೆ ಇನ್ನೊಂದು ಸಂಗತಿ ಆಯಿತು. ಹಗಲು ನಿಬ್ ಹಿಡಿದು ಕೂತರೆ ಬೇರೆ ಯಾರದೋ ಚಿತ್ರವನ್ನು ನಕಲು ಮಾಡುತ್ತಿದ್ದೇನೆ ಅನ್ನಿಸತೊಡಗಿತು. ನಲವತ್ತು ಹಾಳೆ ಆದ ಮೇಲೆ ಧೈರ್ಯದ ಪ್ರಶ್ನೆಯೇ ಉಳಿಯಲಿಲ್ಲ. ಹಿಂದಕ್ಕೆ ಹೋಗುವುದೇ ಜಾಸ್ತಿ ಕಷ್ಟವಾಗಿತ್ತು.

ನೀವು ಧೈರ್ಯ ಎಲ್ಲಿಂದ ತರಲಿ ಅಂತ ಕೇಳಿದಿರಿ ಅಲ್ವಾ? ನಿಮ್ಮ ಹತ್ತಿರ ಇರುವುದು ಮೂರು ಕಥೆ. ಮೂರು ಕಥೆ ಇಟ್ಟುಕೊಂಡು ಯಾರಿಗೆ ತಾನೇ ಧೈರ್ಯ ಬರುತ್ತದೆ? ಹದಿನೈದು ಬರೆಯಿರಿ. ತೋರಿಸಬೇಡಿ.

ಹೀಗೆ ಗುಡ್ಡೆ ಹಾಕಿಕೊಂಡು ಕೂತವರಲ್ಲಿ ನಾನು ಮೊದಲನೆಯವಳೇನೂ ಅಲ್ಲ. ಅಮೆರಿಕದ ಚಿತ್ರಕಾರ ಫಿಲಿಪ್ ಗಸ್ಟನ್ ಕಥೆ ನಿಮಗೆ ಹೇಳಲೇಬೇಕು. 1950ರ ದಶಕದಲ್ಲಿ ಆತ ಅಮೂರ್ತ ಚಿತ್ರಗಳಿಗೆ ಹೆಸರಾದವನು. ಗುಲಾಬಿ, ಕೆಂಪು ಬಣ್ಣ ಕ್ಯಾನ್ವಾಸಿನ ನಡುವೆ ಮಂಜಿನ ಹಾಗೆ ಕೂಡಿಕೊಳ್ಳುತ್ತಿತ್ತು. ವಿಮರ್ಶಕರಿಗೆ ಪ್ರಾಣ. 1960ರ ದಶಕದ ಕೊನೆಯ ಹೊತ್ತಿಗೆ ಅದು ಅವನಿಗೆ ಸಾಕಾಯಿತು. ಹೊರಗೆ ಯುದ್ಧ, ಗಲಭೆ. ಒಳಗೆ ಕೂತು ತಾನು ಕೆಂಪಿಗೆ ನೀಲಿ ಹೊಂದಿಸುತ್ತಿದ್ದೇನೆ ಎಂಬ ಹಿಂಸೆ. ಪೇಂಟಿಂಗ್ ನಿಲ್ಲಿಸಿ ಬರೀ ಗೆರೆ ಎಳೆಯುತ್ತಾ ಕೂತ. 1968ರಲ್ಲಿ ಸಣ್ಣ ಸಣ್ಣ ಹಲಗೆಗಳ ಮೇಲೆ ಕೈಗೆ ಸಿಕ್ಕಿದ್ದನ್ನೆಲ್ಲ ಬರೆದ. ಪುಸ್ತಕ, ಬೂಟು, ಇಟ್ಟಿಗೆ, ಬಲ್ಬು. ಮಕ್ಕಳ ಕಾರ್ಟೂನಿನಂಥ ಒರಟು ಚಿತ್ರ. ಅಂಥವು ಸಾಲುಸಾಲಾಗಿ ಆದ ಮೇಲೇ ದೊಡ್ಡ ಕ್ಯಾನ್ವಾಸಿಗೆ ಕೈ ಹಾಕಿದ್ದು. ಅದರಲ್ಲಿ ಬಿಳಿ ಮುಸುಕು ಹಾಕಿದ, ಕರಿಯರನ್ನು ದ್ವೇಷಿಸುವ ಕು ಕ್ಲಕ್ಸ್ ಕ್ಲಾನ್ ಎಂಬ ಗುಂಪಿನ ಗಂಡಸರು ಚುಟ್ಟಾ ಸೇದುತ್ತಾ ಕಾರಿನಲ್ಲಿ ಸುತ್ತುತ್ತಿದ್ದರು.

1970ರಲ್ಲಿ ನ್ಯೂಯಾರ್ಕಿನ ಮಾರ್ಲ್‌ಬರೋ ಗ್ಯಾಲರಿಯಲ್ಲಿ ಅವನ್ನು ತೂಗುಹಾಕಿದ. ಉಗಿದರು. ನ್ಯೂಯಾರ್ಕ್ ಟೈಮ್ಸ್‌ನ ವಿಮರ್ಶಕ ಹಿಲ್ಟನ್ ಕ್ರೇಮರ್ ಬರೆದದ್ದಕ್ಕೆ ‘ಪೆದ್ದನ ವೇಷ ಹಾಕಿದ ಪಂಡಿತ’ ಎಂಬ ಅರ್ಥ ಬರುವ ತಲೆಬರಹ ಇತ್ತು. ಗೆಳೆಯರಲ್ಲೂ ಕೆಲವರು ಮುಖ ತಿರುಗಿಸಿದರು. ಬೆನ್ನು ತಟ್ಟಿದ ಒಬ್ಬಿಬ್ಬರಲ್ಲಿ ಚಿತ್ರಕಾರ ವಿಲೆಮ್ ಡಿ ಕೂನಿಂಗ್ ಒಬ್ಬ. ಗಸ್ಟನ್ ಹೆಂಡತಿಯ ಜೊತೆ ಇಟಲಿಗೆ ಹೊರಟುಹೋದ. ವಾಪಸ್ ಬಂದು ಅದೇ ಬೂಟು, ಅದೇ ಬಲ್ಬು ಬರೆದ. 1980ರಲ್ಲಿ ಸಾಯುವವರೆಗೂ ಬರೆದ. ಇವತ್ತು ಅವನನ್ನು ನೆನೆಯುವವರು ಹೆಚ್ಚಾಗಿ ನೆನೆಯುವುದು ಈ ಕೊನೆಯ ಹತ್ತು ಹನ್ನೆರಡು ವರ್ಷದ ಚಿತ್ರಗಳನ್ನೇ.

ಈ ಕಥೆ ಕೇಳಿ ‘ನೋಡಿದಿರಾ, ಜನಕ್ಕೆ ತಿಳಿಯಲ್ಲ, ಕಾಲವೇ ಹೇಳುತ್ತೆ’ ಅಂತ ಎದೆ ಉಬ್ಬಿಸಬೇಡಿ. ಉಗಿಸಿಕೊಂಡವರೆಲ್ಲ ಗಸ್ಟನ್ ಆಗುವುದಿಲ್ಲ. ಎಷ್ಟೋ ಸಲ ಜನ ಉಗಿದದ್ದು ಸರಿಯಾಗಿಯೇ ಇರುತ್ತದೆ. ನನ್ನ ವಿಷಯದಲ್ಲೂ ಅರ್ಧ ಸರಿ ಇತ್ತು.

ಹೇಗೆ ಅಂತ ಹೇಳುತ್ತೇನೆ. ಬೈದ ಪತ್ರಗಳನ್ನು ನಾನು ಹರಿಯಲಿಲ್ಲ. ಒಂದು ಭಾನುವಾರ ಕೂತು ಮೂರು ಕಟ್ಟು ಮಾಡಿದೆ. ‘ಹಳೆಯದು ಬೇಕಿತ್ತು’ ಎಂದವರದು ಒಂದು. ‘ನೀವ್ಯಾರು ಬದಲಾಯಿಸೋಕೆ’ ಎಂದವರದು ಒಂದು. ಉಳಿದದ್ದು ತೆಳ್ಳಗಿನ ಕಟ್ಟು, ಆರೋ ಏಳೋ ಪತ್ರ. ಅದರಲ್ಲೊಬ್ಬರು ಅಂಚೆ ಕಾರ್ಡಿನಲ್ಲಿ ಎರಡೇ ಸಾಲು ಬರೆದಿದ್ದರು: ‘ಬ್ರಷ್ ಆದರೂ ಸರಿ, ನಿಬ್ ಆದರೂ ಸರಿ. ಕೈಗಳು ಕೈಗಳ ಹಾಗೆ ಕಾಣುತ್ತಿಲ್ಲ.’ ಸಿಟ್ಟು ಬಂತು. ಚಿತ್ರ ತೆಗೆದು ನೋಡಿದೆ. ಹೌದು, ಕೈಗಳು ಸೊಟ್ಟ ಸೌಟಿನ ಹಾಗಿದ್ದವು. ನಿಬ್ಬಿನಲ್ಲಿ ಬೆರಳು ತಪ್ಪಾದರೆ ನಾಲ್ಕು ಗೆರೆ ಹಾಕಿ ಮುಚ್ಚಬಹುದು. ಬ್ರಷ್ಷಿನಲ್ಲಿ ಮುಚ್ಚಲು ಜಾಗವೇ ಇಲ್ಲ. ಆರು ತಿಂಗಳು ಬರೀ ಕೈ ಬರೆದೆ. ಆ ಕಾರ್ಡು ಇನ್ನೂ ನನ್ನ ಹತ್ತಿರ ಇದೆ.

ಶೈಲಿ ಬದಲಿಸಿದವರ ಸಂಕಟ ಇದೇ. ನೀವು ಮತ್ತೆ ಒಂದನೇ ಕ್ಲಾಸಿಗೆ ಸೇರಿರುತ್ತೀರಿ, ಜನ ನಿಮ್ಮ ಹಳೇ ಅಂಕಪಟ್ಟಿ ಹಿಡಿದು ನಿಂತಿರುತ್ತಾರೆ. ಹನ್ನೊಂದು ವರ್ಷ ತಿದ್ದಿದ ನಗೆಬರಹದ ಪಕ್ಕದಲ್ಲಿ ಎಂಟು ತಿಂಗಳ ಕಥೆ ಇಟ್ಟರೆ ಅದು ಬಡಕಲಾಗಿಯೇ ಕಾಣುತ್ತದೆ. ಇನ್ನೊಂದು ವಿಷಯವೂ ಇದೆ. 1968ರಲ್ಲಿ ರಾಬರ್ಟ್ ಝಾಯನ್ಸ್ ಎಂಬ ಮನಶ್ಶಾಸ್ತ್ರಜ್ಞ, ಅರ್ಥವೇ ಗೊತ್ತಿಲ್ಲದ ಪದಗಳನ್ನೂ ಅಕ್ಷರದಂಥ ಗುರುತುಗಳನ್ನೂ ಜನರಿಗೆ ತೋರಿಸಿದ. ಕೆಲವನ್ನು ಒಂದೆರಡು ಸಲ, ಕೆಲವನ್ನು ಹತ್ತಾರು ಸಲ. ಹೆಚ್ಚು ಸಲ ಕಂಡದ್ದೇ ಜನಕ್ಕೆ ಹೆಚ್ಚು ಒಳ್ಳೆಯದಾಗಿ ತೋರಿತು. ಬೇರೆ ಕಾರಣವೇ ಇರಲಿಲ್ಲ. ನಿಮ್ಮ ನಗೆಯನ್ನು ಜನ ಹನ್ನೊಂದು ವರ್ಷ ಕಂಡಿದ್ದಾರೆ, ಕಥೆಯನ್ನು ಎರಡು ಸಲ. ಆದರೆ ಸೊಟ್ಟ ಕೈ ನೂರು ಸಲ ತೋರಿಸಿದರೂ ಸೊಟ್ಟವೇ. ಯಾವುದು ಹೊಸತನದ ಬೈಗುಳ, ಯಾವುದು ಸೊಟ್ಟ ಕೈಯ ಬೈಗುಳ ಎಂದು ನೀವೇ ಕೂತು ಆರಿಸಬೇಕು.

ಈಗ ನಿಮ್ಮ ಕಥೆ. ಅಪ್ಪ ಕಿವಿಗೆ ಹಾಕುವ ಯಂತ್ರವನ್ನು ಅಂಗಿಯ ಜೇಬಿನಲ್ಲಿ ಬಚ್ಚಿಟ್ಟು, ಮಗ ಕೇಳಿದಾಗಲೆಲ್ಲ ‘ಬ್ಯಾಟರಿ ಉಳಿಸುತ್ತಿದ್ದೇನೆ’ ಅನ್ನುವ ಜಾಗ ಇದೆಯಲ್ಲ, ಅಲ್ಲಿ ನಾನು ನಕ್ಕೆ. ನಕ್ಕು ಮುಗಿಯುವುದರೊಳಗೆ ಗಂಟಲು ಕಟ್ಟಿತು. ಅದು ಹನ್ನೊಂದು ವರ್ಷ ನಗೆಬರಹ ಬರೆದ ಕೈ. ಅದನ್ನು ಯಾಕೆ ಮಿಕ್ಕ ಪುಟಗಳಲ್ಲಿ ಕಟ್ಟಿಹಾಕಿದ್ದೀರಿ? ಗಂಭೀರವಾಗಿ ಬರೆಯುತ್ತಿದ್ದೇನೆ ಅಂತ ನಿಮಗೇ ನೆನಪಾದ ಕಡೆಯೆಲ್ಲ ವಾಕ್ಯ ಉದ್ದವಾಗಿದೆ, ಮಳೆ ಬಂದಿದೆ. ಕೊನೆಯ ಪುಟದಲ್ಲಿ ‘ಬದುಕೆಂದರೆ ಇಷ್ಟೇ’ ಅಂತ ಬರೆದು ಗೆರೆ ಎಳೆದಿದ್ದೀರಿ. ಆ ಪುಟ ಪೂರ್ತಿ ತೆಗೆಯಿರಿ. ಅಪ್ಪನ ಜೇಬಿನಲ್ಲಿ ಆ ಯಂತ್ರ ಕೀಂಯ್ ಅನ್ನುವ ಸದ್ದಿಗೆ ನಿಲ್ಲಿಸಿ. ಓದುಗರು ‘ನಿಮಗಿದು ಒಗ್ಗಲ್ಲ’ ಅಂದದ್ದು ಈ ಉದ್ದ ವಾಕ್ಯಗಳಿಗೆ ಇರಬಹುದು, ಸಾವಿಗಲ್ಲ.

ನಿಮ್ಮ ಹೆಂಡತಿಗೆ ಆ ಜೇಬಿನ ಪುಟ ಒಂದನ್ನೇ ಓದಿ ಹೇಳಿ. ಏನಂದರು ಅಂತ ನನಗೆ ಬರೆಯಿರಿ.

ಪ್ರಶ್ನೆ: ನಾನು ಭಾವಗೀತೆ ಹಾಡಿ ವಿಡಿಯೊ ಹಾಕುತ್ತೇನೆ. ಈಚೆಗೆ ಹಿಂದೂಸ್ತಾನಿ ಕಲಿಯುತ್ತಿದ್ದೇನೆ, ಅದನ್ನೂ ಹಾಕತೊಡಗಿದೆ. ನೋಡುವವರು ಸರ್ರನೆ ಇಳಿದರು. ಸಾವಿರಗಟ್ಟಲೆ ಇದ್ದದ್ದು ಈಗ ನೂರು ದಾಟುವುದಿಲ್ಲ. ಬೆಳಗ್ಗೆ ಎದ್ದ ಕೂಡಲೇ ಆ ಸಂಖ್ಯೆ ನೋಡಿ ಹಾಡುವ ಮನಸ್ಸೇ ಹೋಗುತ್ತದೆ. ಏನು ಮಾಡಲಿ ಮೇಡಂ?

ಉತ್ತರ: ಮೊದಲು, ಬೆಳಗ್ಗೆ ನೋಡಬೇಡಿ. ಸಾಧನೆ ಮುಗಿಸಿ ಮಧ್ಯಾಹ್ನ ನೋಡಿ. ಸುಮ್ನೆ ಹೇಳುತ್ತಿಲ್ಲ. ಬೆಳಗಿನ ಗಂಟಲಿನಿಂದ ಆ ಸಂಖ್ಯೆಯನ್ನು ದೂರ ಇಡಬೇಕು.

ಎರಡನೆಯದು, ಡಬ್ಬದ ಮೇಲೆ ಸಕ್ಕರೆ ಅಂತ ಬರೆದು ಒಳಗೆ ಉಪ್ಪು ಇಟ್ಟರೆ ಬೈಗುಳ ಉಪ್ಪಿಗೆ ಬೀಳುವುದಿಲ್ಲ, ಡಬ್ಬಕ್ಕೆ ಬೀಳುತ್ತದೆ. ನಿಮ್ಮ ಜಾಗಕ್ಕೆ ಬಂದವರು ಮೂರು ನಿಮಿಷದ ಗೀತೆ ಕೇಳಲು ಬಂದವರು. ಅವರಿಗೆ ನೀವು ನಲವತ್ತು ನಿಮಿಷದ ವಿಲಂಬಿತ ಕೇಳಿಸಿದರೆ ಎದ್ದು ಹೋಗದೆ ಇನ್ನೇನು ಮಾಡುತ್ತಾರೆ? ಅವರು ನಿಮ್ಮನ್ನು ತಿರಸ್ಕರಿಸಿಲ್ಲ. ಬೇರೆ ಹೆಸರಿನಲ್ಲಿ ಬೇರೆ ಜಾಗ ಮಾಡಿ. ಅಲ್ಲಿ ಇಪ್ಪತ್ತು ಜನ ಬಂದರೂ ಅವರು ಅದಕ್ಕೇ ಬಂದವರು.

ಮಲ್ಲಿಕಾರ್ಜುನ ಮನ್ಸೂರರನ್ನು ನೆನೆಸಿಕೊಳ್ಳಿ. ನೀಲಕಂಠ ಬುವಾ ಅವರಲ್ಲಿ ಗ್ವಾಲಿಯರ್ ಘರಾಣೆಯ, ಅಂದರೆ ಆ ಪರಂಪರೆಯ, ಗಾಯನ ಕಲಿತು, ನಾಟಕದಲ್ಲಿ ಹಾಡಿ, ಗ್ರಾಮಫೋನ್ ಪ್ಲೇಟುಗಳಿಂದ ಹೆಸರು ಮಾಡಿ ಆಗಿತ್ತು. ಸಾಕಿತ್ತು ಅಲ್ವಾ? ಆದರೂ ಜೈಪುರ್-ಅತ್ರೌಲಿ ಎಂಬ ಇನ್ನೊಂದು ಘರಾಣೆಯ ಮಂಜಿ ಖಾನರ ಮುಂದೆ ಶಿಷ್ಯನಾಗಿ ಕೂತರು. 1937ರಲ್ಲಿ ಮಂಜಿ ಖಾನರು ತೀರಿಕೊಂಡರು. ಆಗಲೂ ನಿಲ್ಲಿಸಲಿಲ್ಲ, ಅವರ ತಮ್ಮ ಬುರ್ಜಿ ಖಾನರ ಹತ್ತಿರ ಹೋದರು. ನಾವು ಇವತ್ತು ಮನ್ಸೂರರ ದನಿ ಅಂತ ಗುರುತಿಸುವ ಆ ಅಪರೂಪದ ರಾಗಗಳು, ಮುಗಿಯದೆ ಸುತ್ತಿಕೊಳ್ಳುವ ತಾನುಗಳು, ಹೆಚ್ಚಾಗಿ ಈ ಎರಡನೇ ಕಲಿಕೆಯ ಫಲ. ಹೆಸರು ಬಂದ ಮೇಲೆ ಮತ್ತೆ ಸ್ವರ ತಿದ್ದಿಸಿಕೊಳ್ಳಲು ಕೂರುವುದು ಎಂಥದೆಂದು ಒಂದು ನಿಮಿಷ ಯೋಚಿಸಿ. ಅವರು ಬೆಳಗ್ಗೆ ಎದ್ದು ನೋಡಲು ಸಂಖ್ಯೆ ಇರಲಿಲ್ಲ, ಅದೊಂದು ಪುಣ್ಯ.

ಭಾವಗೀತೆಯನ್ನು ಬಿಡಬೇಡಿ ಅಂತ ನಾನು ಹೇಳುವುದಿಲ್ಲ, ಬಿಡಿ ಅಂತಲೂ ಹೇಳುವುದಿಲ್ಲ. ಅದು ಬೇಜಾರು ತಂದಿದೆಯೋ ಇಲ್ಲವೋ ಎಂಬುದನ್ನು ನಿಮ್ಮ ಪತ್ರದಲ್ಲಿ ಬರೆದೇ ಇಲ್ಲ.

ಪ್ರಶ್ನೆ: ನನಗೆ ಹತ್ತೊಂಬತ್ತು ವರ್ಷ. ಪ್ರತಿ ತಿಂಗಳೂ ಚಿತ್ರದ ಸ್ಟೈಲ್ ಬದಲಾಯಿಸುತ್ತೇನೆ. ಯಾರು ಏನೇ ಅಂದರೂ ಕೇರ್ ಮಾಡಲ್ಲ. ಇದು ಧೈರ್ಯ ಅಲ್ವಾ ಆಂಟಿ?

ಉತ್ತರ: ಹತ್ತೊಂಬತ್ತರಲ್ಲಿ ಇದು ಹಸಿವು, ಒಳ್ಳೆಯದೇ. ಎಲ್ಲವನ್ನೂ ಮುಟ್ಟಿ ನೋಡು ಪುಟ್ಟಾ. ಆದರೆ ಒಂದು ಪರೀಕ್ಷೆ ಮಾಡಿಕೋ. ಒಂದು ಸ್ಟೈಲ್ ಬಿಡುವುದು ಅದು ಪೂರ್ತಿ ಕೈಗೆ ಬಂದ ಮೇಲೋ, ಕಷ್ಟ ಶುರುವಾದ ದಿನವೋ? ನೀನು ಕಳಿಸಿದ ಏಳು ಚಿತ್ರಗಳಲ್ಲಿ ಏಳು ಸ್ಟೈಲ್ ಇದೆ, ಏಳರಲ್ಲೂ ಪಾದಗಳು ಹುಲ್ಲಿನಲ್ಲಿ ಮುಚ್ಚಿಹೋಗಿವೆ. ಪಾದ ಬರೆಯಲು ಬಾರದವರೆಲ್ಲ ಹುಲ್ಲು ಬರೆಯುತ್ತೇವೆ. ನಾನೂ ಬರೆದಿದ್ದೇನೆ. ಮೂರು ತಿಂಗಳು ಒಂದರಲ್ಲೇ ಇರು, ಪಾದ ಬರೆ.

ಪ್ರಶ್ನೆ: ಪತ್ತೇದಾರಿ ಕಾದಂಬರಿ ಬರೆಯುತ್ತೇನೆ. ಒಂದೇ ಪತ್ತೇದಾರನ ಮೇಲೆ ಹದಿನಾಲ್ಕು ಪುಸ್ತಕ ಆಯಿತು. ಅವನ ಮುಖ ನೋಡಿದರೆ ಈಗ ಮೈ ಉರಿಯುತ್ತದೆ. ಕೊಂದುಬಿಡಲೇ?

ಉತ್ತರ: ಆರ್ಥರ್ ಕಾನನ್ ಡಾಯ್ಲ್‌ಗೂ ಹೀಗೇ ಮೈ ಉರಿದಿತ್ತು. ತನ್ನ ಐತಿಹಾಸಿಕ ಕಾದಂಬರಿಗಳೇ ನಿಜವಾದ ಸಾಹಿತ್ಯ, ಷರ್ಲಾಕ್ ಹೋಮ್ಸ್ ಅದಕ್ಕೆ ಅಡ್ಡಿ ಎಂದು ನಂಬಿದ್ದ. 1891ರಲ್ಲಿಯೇ ಅವನನ್ನು ಮುಗಿಸುವ ಯೋಚನೆಯನ್ನು ತಾಯಿಗೆ ಬರೆದ. ತಾಯಿ ಬೇಡ ಅಂದಳು. ಮೊದಲ ವಿರೋಧ ಮನೆಯಿಂದಲೇ! ಆದರೂ 1893ರ ಡಿಸೆಂಬರಿನಲ್ಲಿ ಹೋಮ್ಸ್‌ನನ್ನು ಜಲಪಾತಕ್ಕೆ ತಳ್ಳಿದ. ಕಥೆ ಅಚ್ಚಾಗುತ್ತಿದ್ದ ಸ್ಟ್ರ್ಯಾಂಡ್ ಪತ್ರಿಕೆಯ ಓದುಗರು ಕೆರಳಿದರು, ಚಂದಾ ನಿಲ್ಲಿಸಿದರು. ಎಂಟು ವರ್ಷ ತಡೆದುಕೊಂಡ. 1901ರಲ್ಲಿ, ಸಾಯುವ ಮೊದಲು ನಡೆದದ್ದು ಎಂದು ಹೇಳಿ ಹೋಮ್ಸ್‌ನ ಒಂದು ಕಾದಂಬರಿ ಬರೆದ. 1903ರಲ್ಲಿ ಜಲಪಾತದಿಂದಲೇ ಎಬ್ಬಿಸಿಕೊಂಡು ಬಂದ. ಆಮೇಲೆ 1927ರವರೆಗೆ ಬರೆಯುತ್ತಲೇ ಇದ್ದ.

ಇದರಲ್ಲಿ ನನಗೆ ಹಿಡಿಸಿದ್ದು ಬೇರೆ. ವಾಪಸ್ ತಂದದ್ದಕ್ಕೆ ನಾವು ಯಾರೂ ಅವನನ್ನು ಹೇಡಿ ಅನ್ನುವುದಿಲ್ಲ. ಆ ಐತಿಹಾಸಿಕ ಕಾದಂಬರಿಗಳನ್ನು ಈಗ ಓದುವವರು ಕಡಿಮೆ. ಓದುಗರ ಹಟವೇ ಸರಿಯಾಗಿತ್ತು ಅನ್ನಿಸುವುದೂ ಉಂಟು. ಹಾಗಾಗಿ ನಿಮ್ಮವನನ್ನು ಕೊಲ್ಲುವ ಬದಲು ಎಲ್ಲಾದರೂ ದೂರ ಕಳಿಸಿ. ಕಾಲು ಮುರಿಯಿರಿ ಬೇಕಾದರೆ. ನಿಮಗೆ ಬೇಕಾದ್ದನ್ನು ಬರೆಯಿರಿ. ಮೂರು ವರ್ಷದ ನಂತರ ಅವನ ನೆನಪೇ ಬರಲಿಲ್ಲವೆಂದರೆ ಆಗ ಜಲಪಾತ ಹುಡುಕೋಣ. ನನ್ನ ಊಹೆ, ನಿಮಗೆ ಸಾಕಾಗಿರುವುದು ಪತ್ತೇದಾರ ಅಲ್ಲ. ಪ್ರತಿ ಸಲವೂ ಕೊನೆಯ ಅಧ್ಯಾಯದಲ್ಲಿ ಎಲ್ಲರನ್ನೂ ಒಂದು ಕೋಣೆಯಲ್ಲಿ ಕೂರಿಸಿ ವಿವರಿಸಬೇಕಲ್ಲ, ಅದು.

ಪ್ರಶ್ನೆ: ನಾನು ಬರೆಯುವವನಲ್ಲ, ಓದುವವನು. ನನ್ನ ಮೆಚ್ಚಿನ ಕಥೆಗಾರರು ಈಚೆಗೆ ಪೂರ್ತಿ ಬದಲಾಗಿದ್ದಾರೆ. ಒಂದು ಸಾಲೂ ನನಗೆ ಹತ್ತುವುದಿಲ್ಲ. ಇಪ್ಪತ್ತು ವರ್ಷ ಅವರ ಜೊತೆ ಬಂದೆ, ಈಗ ಕೈ ಬಿಟ್ಟ ಹಾಗಾಗಿದೆ. ಇದನ್ನು ಹೇಳಿದರೆ ‘ನಿಮಗೆ ಹೊಸದು ಅರ್ಥವಾಗಲ್ಲ’ ಅನ್ನುತ್ತಾರೆ. ಓದುಗನಿಗೆ ಬೇಜಾರಾಗುವ ಹಕ್ಕೂ ಇಲ್ಲವೇ?

ಉತ್ತರ: ಇದೆ. ಖಂಡಿತ ಇದೆ. ನಿಮ್ಮ ಪತ್ರ ಓದಿ ನನ್ನ ಮೊದಲ ಕಟ್ಟು ನೆನಪಾಯಿತು, ‘ಹಳೆಯದು ಬೇಕಿತ್ತು’ ಎಂದವರದು. ಆಗ ಅವರ ಮೇಲೆ ಸಿಟ್ಟಿತ್ತು. ಈಗ ಇಲ್ಲ. ಅವರಿಗೆ ನಿಜವಾಗಿಯೂ ಏನೋ ಕಳೆದಿತ್ತು. ಕಳೆದವರು ಕಳೆಯಿತು ಅನ್ನಬೇಕಲ್ಲ. ಅದಕ್ಕೆ ನಾನು ಚಿತ್ರ ಬದಲಿಸಬೇಕಾಗಿರಲಿಲ್ಲ, ‘ನಿಮಗೆ ತಿಳಿಯಲ್ಲ’ ಅಂತ ಹೇಳಬೇಕಾಗಿಯೂ ಇರಲಿಲ್ಲ.

ಕಳೆದದ್ದು ಪೂರ್ತಿ ಕಳೆಯುವುದಿಲ್ಲ, ಅದೂ ನಿಜ. ಗೋಪಾಲಕೃಷ್ಣ ಅಡಿಗರ ‘ಭಾವತರಂಗ’ ಬಂದದ್ದು 1946ರಲ್ಲಿ, ‘ಚಂಡೆಮದ್ದಳೆ’ 1954ರಲ್ಲಿ. ಎಂಟೇ ವರ್ಷ. ಮೊದಲನೆಯದರ ಲಯಕ್ಕೆ ತಲೆದೂಗಿದ ಕಿವಿಗೆ ಎರಡನೆಯದು ಗುಂಡಿಗೆಗೆ ಬಡಿದ ಹಾಗೆ ಆಗಿರಬೇಕು. ನವ್ಯಕಾವ್ಯ ಅರ್ಥವಾಗುವುದಿಲ್ಲ ಎಂಬ ದೂರು ಎಷ್ಟು ಕಾಲ ನಡೆಯಿತು! ಆದರೆ ಆ ಮೊದಲ ಕಾಲದ ‘ಯಾವ ಮೋಹನ ಮುರಳಿ’ಯನ್ನು ಜನ ಇವತ್ತೂ ಹಾಡುತ್ತಾರೆ. ಕವಿ ಅಲ್ಲಿಂದ ಎದ್ದು ಹೋದರು, ಹಾಡು ಹೋಗಲಿಲ್ಲ. ನಿಮ್ಮ ಕಥೆಗಾರರ ಹಳೇ ಪುಸ್ತಕಗಳು ನಿಮ್ಮ ಕಪಾಟಿನಲ್ಲೇ ಇವೆ. ಅವನ್ನು ಓದಿಕೊಂಡಿರಿ, ಯಾರ ಅಪ್ಪಣೆಯೂ ಬೇಡ.

ಮೇಲೆ ಗಸ್ಟನ್ ವಿಷಯ ಹೇಳಿದೆನಲ್ಲ, ಅದರಲ್ಲಿ ಒಂದು ಎಳೆ ಬಿಟ್ಟಿದ್ದೆ. ಅವನ ಪ್ರಾಣಸ್ನೇಹಿತ ಮಾರ್ಟನ್ ಫೆಲ್ಡ್‌ಮನ್, ಸಂಗೀತ ರಚಿಸುವವನು. ಅಮೂರ್ತ ಚಿತ್ರಗಳ ಕಾಲದಲ್ಲಿ ಇಬ್ಬರದೂ ಒಂದೇ ದಾರಿ. 1970ರ ಆ ಪ್ರದರ್ಶನದಲ್ಲಿ ಗೆಳೆಯನ ಹೊಸ ಚಿತ್ರ ನೋಡಿ ಫೆಲ್ಡ್‌ಮನ್‌ಗೆ ಬಾಯಿಂದ ಮಾತು ಬರಲಿಲ್ಲ. ಆ ಮೌನಕ್ಕೇ ಸ್ನೇಹ ಮುರಿಯಿತು. ಅವನೂ ನಿಮ್ಮ ಹಾಗೇ, ಕೈ ಬಿಟ್ಟಂತಾದ ನೋಡುಗ. ಗಸ್ಟನ್ ತೀರಿಕೊಂಡು ನಾಲ್ಕು ವರ್ಷದ ಮೇಲೆ, 1984ರಲ್ಲಿ, ಫೆಲ್ಡ್‌ಮನ್ ಅವನ ಹೆಸರಿನಲ್ಲಿ ಒಂದು ರಚನೆ ಮಾಡಿದ. ಕೊಳಲು, ತಾಳವಾದ್ಯ, ಪಿಯಾನೊ. ನುಡಿಸಲು ನಾಲ್ಕು ಗಂಟೆಗೂ ಜಾಸ್ತಿ ಬೇಕು. ಮೊದಲ ಸಲ ಕೇಳಿದಾಗ ನಾನು ಒಂದು ಗಂಟೆಗೇ ಎದ್ದೆ, ಸುಳ್ಳು ಯಾಕೆ ಹೇಳಲಿ. ಎರಡನೇ ಸಲ ಪೂರ್ತಿ ಕೂತೆ.

ನಿಮ್ಮ ಕಥೆಗಾರರಿಗೆ ಒಂದು ಪತ್ರ ಬರೆಯಿರಿ. ‘ಹಳೆಯದಕ್ಕೆ ವಾಪಸ್ ಬನ್ನಿ’ ಅನ್ನಬೇಡಿ. ಯಾವ ಕಥೆಯ ಯಾವ ಜಾಗ ನಿಮಗೆ ಬೇಕಾಗಿತ್ತು, ಅದನ್ನು ಬರೆಯಿರಿ. ಅವರಿಗೆ ಇಪ್ಪತ್ತು ವರ್ಷದಲ್ಲಿ ಅಂಥ ಪತ್ರ ಎಷ್ಟು ಬಂದಿವೆಯೋ, ಬೈಯುವವರು ಬರೆದಷ್ಟು ಮೆಚ್ಚುವವರು ಬರೆಯುವುದಿಲ್ಲ.

ಪ್ರಶ್ನೆ: ಮೇಡಂ, ನಿಮ್ಮ ಬ್ರಷ್ ಚಿತ್ರಗಳಿಗೆ ಈಗ ಒಗ್ಗಿಕೊಂಡಿದ್ದೇವೆ. ಆದರೂ ಕೇಳುತ್ತೇನೆ. ಆ ನಿಬ್ಬಿನ ಗೆರೆ ಮತ್ತೆ ಯಾವಾಗ?

ಉತ್ತರ: ಹೋದ ತಿಂಗಳು ಪ್ರಯತ್ನ ಪಟ್ಟೆ, ಯಾರಿಗೂ ಹೇಳಿರಲಿಲ್ಲ. ಹಳೇ ಡಬ್ಬ ತೆಗೆದರೆ ನಿಬ್ಬುಗಳಲ್ಲಿ ಅರ್ಧ ತುಕ್ಕು. ಎರಡನ್ನು ಉಜ್ಜಿ ಸರಿ ಮಾಡಿ, ಒಬ್ಬ ಹೆಂಗಸಿನ ಮುಖ ಶುರು ಮಾಡಿದೆ. ಎಡಗಣ್ಣಿನ ರೆಪ್ಪೆ ಅದೇ ಹಳೇ ರೆಪ್ಪೆ! ನನಗೇ ಖುಷಿಯಾಯಿತು. ಮೂಗಿನ ಹತ್ತಿರ ಬರುವ ಹೊತ್ತಿಗೆ ಕೈ ತಾನಾಗಿ ಬ್ರಷ್ ಕಡೆ ಹೋಯಿತು. ಈಗ ಅದು ಅರ್ಧ ಮುಖ ಗೆರೆ, ಅರ್ಧ ಮಸಿ. ಅಚ್ಚಿಗೆ ಆಗುವಂಥದ್ದಲ್ಲ. ನಿಮಗೆ ಬೇಕಿದ್ದರೆ ವಿಳಾಸ ಬರೆದು ಕಳಿಸಿ, ಎಡಭಾಗ ನಿಮ್ಮದು.